ಓಲೆ ಕೆಟ್ಟರೆ ಒಲೆಯೊಂದನ್ನೇ ಬೈಯಬೇಡಿ: ಪಾಲಿಮರ್ ಕ್ಲೇ ಒಡವೆಯ ಬಣ್ಣ, ಮೇಲ್ಮೈ ದೋಷ ನಿವಾರಣೆ

ಕಳೆದ ಏಪ್ರಿಲ್‌ನಲ್ಲಿ ಮದುವೆ ಮನೆಯ ಆರ್ಡರ್ ಒಂದಿತ್ತು. ಪಾಲಿಮರ್ ಕ್ಲೇಯ, ಅಂದರೆ ಹಿಟ್ಟಿನಂತೆ ನಾದಿ ಓವನ್‌ನಲ್ಲಿ ಸುಟ್ಟು ಗಟ್ಟಿ ಮಾಡುವ ಪ್ಲಾಸ್ಟಿಕ್‌ನ, ಹನ್ನೆರಡು ಜೋಡಿ ಜುಮಕಿ. ಬಿಳಿ ಮೈ, ಮೇಲೆ ಮಲ್ಲಿಗೆ ಮೊಗ್ಗು. ಓವನ್‌ಗೆ ಇಡುವಾಗ ಬಿಳಿ ಬಿಳಿಯಾಗೇ ಇತ್ತು. ತೆಗೆದಾಗ ಆರು ಜೋಡಿ ಕೆನೆಯ ಬಣ್ಣಕ್ಕೆ ತಿರುಗಿದ್ದವು. ಎರಡು ಜೋಡಿಯ ತುದಿಯಲ್ಲಿ ಜೋಳದ ರೊಟ್ಟಿಯ ಮೇಲೆ ಬೀಳುವಂಥ ಕಂದು ಕಲೆ. ಅವ್ವ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದೇನವ್ವ, ರೊಟ್ಟಿ ಸುಟ್ಟಂಗ ಸುಟ್ಟಿದಿ?" ಅಂದಳು.

ನಾನು ಮೊದಲು ಕ್ಲೇಗೆ ಬೈದೆ. ಆಮೇಲೆ ಓವನ್‌ಗೆ ಬೈದೆ. ಹೊಸ ಪ್ಯಾಕೆಟ್ ತರಿಸಿದೆ, ಅದೂ ಹಾಗೇ ಆಯಿತು. ದುಡ್ಡೂ ಹೋಯಿತು, ನಾಲ್ಕು ದಿನವೂ ಹೋದವು. ಕಡೆಗೆ ಗೊತ್ತಾದ ಕಾರಣ ತೀರಾ ಸಣ್ಣದು. ಅದನ್ನು ಮುಂದೆ ಹೇಳುತ್ತೇನೆ. ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಓಲೆ ಕೆಟ್ಟರೆ ಅದನ್ನು ಸರಿ ಮಾಡಲು ಹೋಗುವುದಿಲ್ಲ. ತಪ್ಪು ಯಾವ ಹಂತದಲ್ಲಿ ಒಳಗೆ ಬಂತು ಅಂತ ಮೊದಲು ಹುಡುಕುತ್ತೇನೆ. ಯಾಕಂದರೆ ದೋಷ ಕಾಣಿಸುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ.

ಮೊದಲು ಮೂರು ಬಿಲ್ಲೆ

ಪ್ರತಿ ಸಲ ಕೆಲಸಕ್ಕೆ ಕೂತಾಗ, ಅವತ್ತು ಬಳಸುವ ಕ್ಲೇಯಿಂದಲೇ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಮೂರು ಬಿಲ್ಲೆ ಮಾಡಿಟ್ಟುಕೊಳ್ಳಿ. ಒಂದನ್ನು ಸುಡದೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡಿ. ಒಂದನ್ನು ಸುಟ್ಟು ಹಾಗೇ ಬಿಡಿ. ಇನ್ನೊಂದನ್ನು ಸುಟ್ಟು, ಓಲೆಗೆ ಏನೇನು ಹಚ್ಚುತ್ತೀರೋ ಅದನ್ನೆಲ್ಲ ಹಚ್ಚಿ. ಓಲೆ ಕೆಟ್ಟಾಗ ಅದನ್ನು ಈ ಮೂರರ ಪಕ್ಕ ಇಟ್ಟು ನೋಡಿ. ಸುಡದ ಬಿಲ್ಲೆಯಲ್ಲೇ ದೋಷ ಇದ್ದರೆ ತಪ್ಪು ನಿಮ್ಮ ಕೈಯಲ್ಲೋ ಮೇಜಿನ ಮೇಲೋ ಆಗಿದೆ. ಎರಡನೆಯದರಲ್ಲಿ ಮೊದಲ ಸಲ ಕಂಡರೆ ಓವನ್. ಮೂರನೆಯದರಲ್ಲಿ ಮಾತ್ರ ಇದ್ದರೆ ವಾರ್ನಿಶ್ ಅಥವಾ ಬಣ್ಣ.

ಜೊತೆಗೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಒಂದೇ ಬಣ್ಣಕ್ಕೆ ಆಗಿದೆಯೋ, ಎಲ್ಲ ಬಣ್ಣಕ್ಕೋ? ಇಡೀ ಮೈಗೆ ಆಗಿದೆಯೋ, ಒಂದು ಮಗ್ಗುಲಿಗೋ? ಅರ್ಧ ದೋಷಗಳು ಇಲ್ಲೇ ಸಿಕ್ಕಿಬೀಳುತ್ತವೆ.

ಒಂದು ಮಾತು. ಸುಟ್ಟ ಮೇಲೆ ಬಣ್ಣ ಸ್ವಲ್ಪ ಗಾಢವಾಗುವುದು ದೋಷವಲ್ಲ. ಅದರಲ್ಲೂ ಟ್ರಾನ್ಸ್‌ಲೂಸೆಂಟ್, ಅಂದರೆ ಬೆಳಕು ಹಾಯುವ ಕ್ಲೇ ಬೆರೆಸಿದ ಬಣ್ಣಗಳು ಚೆನ್ನಾಗೇ ಕಪ್ಪೇರುತ್ತವೆ. ಹಾಗಾಗಿ ಬಣ್ಣ ಕಲಸುವಾಗ ಹಸಿ ಕ್ಲೇ ನೋಡಿ ತೀರ್ಮಾನ ಮಾಡಬೇಡಿ, ಸುಟ್ಟ ಬಿಲ್ಲೆ ನೋಡಿ ಮಾಡಿ.

ಬಿಳಿ ಹಳದಿಯಾಗಿದೆ

ನನ್ನ ಜುಮಕಿಗೆ ಆಗಿದ್ದು ಇದೇ. ಇದಕ್ಕೆ ಸ್ವಲ್ಪ ಒಳಗಿನ ವಿಷಯ ತಿಳಿದಿರಬೇಕು. ಪಾಲಿಮರ್ ಕ್ಲೇ ಮಣ್ಣಲ್ಲ. ಮನೆಯ ನೀರಿನ ಪೈಪ್ ಯಾವ ಪಿವಿಸಿಯಿಂದ ಆಗುತ್ತದೋ ಅದರದೇ ನುಣ್ಣನೆ ಪುಡಿ ಇದು. ಅದನ್ನು ಮೆತ್ತಗಿಡಲು ಪ್ಲಾಸ್ಟಿಸೈಜರ್ ಅನ್ನೋ ಎಣ್ಣೆಯಂಥ ದ್ರವ ಸೇರಿಸಿರುತ್ತಾರೆ. ಬಿಸಿಗೆ ಪುಡಿಯ ಕಣಗಳು ಆ ದ್ರವ ಕುಡಿದು ಉಬ್ಬಿ ಒಂದಕ್ಕೊಂದು ಬೆಸೆಯುತ್ತವೆ. ನೀರು ಆರಿ ಗಟ್ಟಿಯಾಗುವ ಕೆಲಸ ಇದಲ್ಲ. ಆದ್ದರಿಂದ ಸರಿಯಾದ ಬಿಸಿಯಲ್ಲಿ ಹೊತ್ತು ಜಾಸ್ತಿಯಾದರೆ ಅಷ್ಟೇನೂ ಆಗುವುದಿಲ್ಲ. ಬಿಸಿಯೇ ಜಾಸ್ತಿಯಾದರೆ ಸುಟ್ಟು ಕರಕಲಾಗುತ್ತದೆ. ಮೊದಲು ಹಾಗಾಗುವುದು ಟ್ರಾನ್ಸ್‌ಲೂಸೆಂಟ್ ಮತ್ತು ಬಿಳಿ. ಕಪ್ಪು, ಕಂದು ಬಣ್ಣಗಳಿಗೂ ಅಷ್ಟೇ ಬಿಸಿ ತಗಲಿರುತ್ತದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಎಷ್ಟು ಬಿಸಿ ಅನ್ನೋದನ್ನ ಪ್ಯಾಕೆಟ್ ಹೇಳುತ್ತದೆ. ಫಿಮೋ ಬ್ರಾಂಡಿನ ಕ್ಲೇಗೆ 110 ಡಿಗ್ರಿ ಸೆಲ್ಸಿಯಸ್, 30 ನಿಮಿಷ. ಸ್ಕಲ್ಪಿ ಪ್ರೀಮೋ ಬ್ರಾಂಡಿಗೆ 130 ಡಿಗ್ರಿ, ಪ್ರತಿ 6 ಮಿ.ಮೀ. ದಪ್ಪಕ್ಕೆ 30 ನಿಮಿಷ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ಒಂದೋ ಸುಡುತ್ತದೆ, ಇಲ್ಲಾ ಹಸಿ ಉಳಿಯುತ್ತದೆ.

ಈಗ ಪರೀಕ್ಷೆ. ಒಂದೇ ಬಿಳಿಯಿಂದ ನಾಲ್ಕು ಬಿಲ್ಲೆ ಮಾಡಿ. ಎರಡನ್ನು ತೆರೆದಿಡಿ, ಇನ್ನೆರಡರ ಮೇಲೆ ಅಲ್ಯುಮಿನಿಯಂ ಫಾಯಿಲ್‌ನ ಗುಡಾರ ಮಾಡಿ ಮುಚ್ಚಿ. ತೆರೆದವು ಹಳದಿಯಾಗಿ ಮುಚ್ಚಿದವು ಬಿಳಿಯಾಗೇ ಉಳಿದರೆ, ಓವನ್‌ನ ಬಿಸಿ ಸರಿಯಾಗೇ ಇದೆ. ಕೆಂಪಗೆ ಕಾದ ರಾಡ್‌ನ ಝಳ ನೇರವಾಗಿ ಹೊಡೆಯುತ್ತಿದೆ ಅಂತ ಅರ್ಥ. ನಾಲ್ಕೂ ಹಳದಿಯಾದರೆ ಓವನ್‌ನ ಗುಂಡಿ ಸುಳ್ಳು ಹೇಳುತ್ತಿದೆ.

ನನ್ನ ಓವನ್‌ನಲ್ಲಿ ಎರಡೂ ಇದ್ದವು. ಮನೆಯಲ್ಲಿ ಕೇಕ್ ಮಾಡುವ ಚಿಕ್ಕ ಓಟಿಜಿ ಅದು. ಗುಂಡಿ 110ರಲ್ಲಿ ನಿಂತಿತ್ತು. ಒಳಗೆ ಇಡುವ ಓವನ್ ಥರ್ಮಾಮೀಟರ್ ಒಂದನ್ನು ತರಿಸಿ ನೋಡಿದರೆ ಮುಳ್ಳು 140 ದಾಟಿ ಹೋಗುತ್ತಿತ್ತು. ಮತ್ತೆ ಇಳಿದು, ಮತ್ತೆ ಏರುತ್ತಿತ್ತು. ಥರ್ಮೋಸ್ಟಾಟ್ ರಾಡನ್ನು ಹಚ್ಚಿ ಆರಿಸಿ ಹಚ್ಚಿ ಆರಿಸಿ ಮಾಡುವುದರಿಂದ ಚಿಕ್ಕ ಓವನ್‌ನಲ್ಲಿ ಈ ಏರಿಳಿತ ಇದ್ದೇ ಇರುತ್ತದೆ. ಇನ್ನು ಆ ಸಣ್ಣ ಕಾರಣ. ಹನ್ನೆರಡು ಜೋಡಿ ಒಂದೇ ಸಲ ಹಿಡಿಸಬೇಕು ಅಂತ ತಟ್ಟೆಯನ್ನು ಒಂದು ಮೆಟ್ಟಿಲು ಮೇಲಕ್ಕೆ ಇಟ್ಟಿದ್ದೆ. ಮೇಲಿನ ರಾಡ್‌ಗೂ ಜುಮಕಿಗೂ ಮಧ್ಯೆ ಮೂರು ಬೆರಳಿನಷ್ಟೂ ಜಾಗ ಇರಲಿಲ್ಲ. ಅಷ್ಟೇ.

ಪರಿಹಾರ: ಮನೆ ಕಟ್ಟುವಾಗ ಉಳಿದ ಒಂದು ಸೆರಾಮಿಕ್ ಟೈಲ್ ಕೆಳಗಿಡಿ, ಅದು ಬಿಸಿ ಹಿಡಿದಿಟ್ಟುಕೊಂಡು ಏರಿಳಿತ ಕಡಿಮೆ ಮಾಡುತ್ತದೆ. ಮೇಲೆ ಫಾಯಿಲ್ ಗುಡಾರ ಮಾಡಿ. 15–20 ನಿಮಿಷ ಮೊದಲೇ ಓವನ್ ಕಾಯಿಸಿ. ನಂಬುವುದಾದರೆ ಥರ್ಮಾಮೀಟರ್ ನಂಬಿ, ಗುಂಡಿಯನ್ನಲ್ಲ. ಹಳದಿಯಾದ ಬಿಳಿ ಮತ್ತೆ ಬಿಳಿಯಾಗುವುದಿಲ್ಲ. ತೆಳ್ಳಗೆ ಹಳದಿಯಾಗಿದ್ದರೆ ನೀರಲ್ಲಿ ಅದ್ದಿ ಉಜ್ಜುವ ಮರಳು ಕಾಗದ, ಅಂದರೆ ವಾಟರ್ ಪೇಪರ್‌ನಿಂದ ಉಜ್ಜಿದಾಗ ಸ್ವಲ್ಪ ಹೋಗಬಹುದು. ಕಂದಾಗಿದ್ದರೆ ಬಿಸಾಡಿ, ಇಲ್ಲಾ ಅದರ ಮೇಲೆ ಬೇರೆ ಬಣ್ಣದ ತೆಳು ಪದರ ಹೊದಿಸಿ.

ಹೊಗೆ ಬಂದು ಮೂಗು ಉರಿದರೆ ಓವನ್ ಆರಿಸಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಪಿವಿಸಿ ಸುಟ್ಟು ಕರಕಲಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಗಂಟಲಿಗೆ ಒಳ್ಳೆಯದಲ್ಲ. ಮೈಕ್ರೋವೇವ್‌ನಲ್ಲಿ ಮಾಡುವ ಯೋಚನೆಯೇ ಬೇಡ.

ಬಿಳಿಯಲ್ಲಿ ಚುಕ್ಕೆ, ಎಳೆ, ಗುಲಾಬಿ ಛಾಯೆ

ಸುಡದ ಬಿಲ್ಲೆಯಲ್ಲೇ ಇದು ಕಾಣುತ್ತದೆ, ಆದರೆ ಹಸಿಯಲ್ಲಿ ನಾವು ಸರಿಯಾಗಿ ನೋಡಿರುವುದಿಲ್ಲ. ನಮ್ಮ ಕಲಬುರಗಿ ಕಡೆ ಎರೆ ಮಣ್ಣಿನ ಕಪ್ಪು ದೂಳು. ಬೀದರ್‌ನ ಗೆಳತಿಗೆ ಅಲ್ಲಿಯ ಕೆಂಪು ಮಣ್ಣಿನ ಕಾಟ. ಅವಳ ಬಿಳಿ ಓಲೆಯಲ್ಲಿ ಕೆಂಪು ಚುಕ್ಕೆ, ನನ್ನ ಓಲೆಯಲ್ಲಿ ಕರಿ ಚುಕ್ಕೆ. ಓಲೆ ನೋಡಿ ಊರು ಹೇಳಬಹುದು! ಬೇಸಿಗೆಯಲ್ಲಿ ಫ್ಯಾನ್ ಹಾಕದೆ ಕೂರಲು ಆಗುವುದಿಲ್ಲ, ಹಾಕಿದರೆ ರೆಕ್ಕೆಯ ಮೇಲಿನ ದೂಳೆಲ್ಲ ಕ್ಲೇ ಮೇಲೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ರೆಕ್ಕೆ ಒರೆಸುವುದೇ ಮದ್ದು.

ಗುಲಾಬಿ ಛಾಯೆ ಬಂದರೆ ಅದು ಕೈಯದು. ಕೆಂಪು ಮುಟ್ಟಿದ ಬೆರಳಲ್ಲಿ ಬಿಳಿ ಮುಟ್ಟಿರುತ್ತೀರಿ. ಬರೀ ಸೋಪಿಗೆ ಕೆಂಪು ಬಿಡುವುದಿಲ್ಲ. ಮಕ್ಕಳಿಗೆ ಬಳಸುವ ವೆಟ್ ವೈಪ್‌ನಲ್ಲಿ ಒರೆಸಿಕೊಂಡು, ಬೇಡದ ಬಿಳಿ ಉಂಡೆಯೊಂದನ್ನು ಅಂಗೈಯಲ್ಲಿ ಹೊರಳಿಸಿ. ಅದು ಎಳೆ, ದೂಳು, ಬಣ್ಣ ಎಲ್ಲವನ್ನೂ ಎತ್ತಿಕೊಳ್ಳುತ್ತದೆ. ಕೆಲಸದ ಕ್ರಮವೂ ಬಿಳಿಯಿಂದ ಕಪ್ಪಿನ ಕಡೆಗೆ ಹೋಗಲಿ, ಉಲ್ಟಾ ಬೇಡ. ಹಸಿಯಲ್ಲೇ ಕಂಡ ಚುಕ್ಕೆಯನ್ನು ಸೂಜಿಯಿಂದ ಎತ್ತಬಹುದು. ಸುಟ್ಟ ಮೇಲೆ ಕಂಡರೆ ಬ್ಲೇಡ್ ತುದಿಯಿಂದ ಕೆರೆದು ಉಜ್ಜಬೇಕು.

ಬಣ್ಣ ಕಲಸುವಾಗ ಗುಲಾಬಿ ಬೇಕಿದ್ದರೂ ಕೆಂಪು ಬಂದರೆ? ಕೆಂಪು ತುಂಬಾ ಜೋರಿನ ಬಣ್ಣ. ನಿಂಬೆಹಣ್ಣಿನಷ್ಟು ಬಿಳಿಗೆ ತೊಗರಿ ಕಾಳಿನಷ್ಟು ಕೆಂಪಿನಿಂದ ಶುರು ಮಾಡಿ. ಸಾಲದಿದ್ದರೆ ಇನ್ನೊಂದು ಕಾಳು.

ಕ್ಲೇ ಕೈಗೆ ಅಂಟುತ್ತಿದೆ, ಅಥವಾ ಪುಡಿಪುಡಿ ಉದುರುತ್ತಿದೆ

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಕ್ಲೇ ಬೆಣ್ಣೆಯಂತಾಗುತ್ತದೆ. ಹೂವಿನ ಕೇನ್, ಅಂದರೆ ಉದ್ದಕ್ಕೂ ಒಳಗೆ ಹೂವಿನ ಚಿತ್ತಾರ ಇರುವ ಕ್ಲೇ ಕೋಲು, ಕತ್ತರಿಸಿದರೆ ಎಸಳು ಎಸಳಿಗೆ ಬಳಿದುಕೊಳ್ಳುತ್ತದೆ. ಬೆರಳಚ್ಚು ಮೂಡುತ್ತದೆ. ಆಗ ಬಿಳಿ ಕಾಗದದ ಎರಡು ಹಾಳೆಗಳ ಮಧ್ಯೆ ಕ್ಲೇ ಹರಡಿ, ಮೇಲೆ ಭಾರ ಹೇರಿ ಒಂದೆರಡು ಗಂಟೆ ಬಿಡಿ. ಕಾಗದದ ಮೇಲೆ ಮಿರ್ಚಿ ಭಜಿ ಕಟ್ಟಿಕೊಟ್ಟ ಪೇಪರಿನಂತೆ ಎಣ್ಣೆ ಕಲೆ ಬೀಳುತ್ತದೆ. ಜಾಸ್ತಿಯಾದ ಪ್ಲಾಸ್ಟಿಸೈಜರ್ ಹೊರಗೆ ಬಂತು ಅಂತ ಅರ್ಥ. ಕೇನ್ ಆದರೆ ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ ಫ್ರಿಜ್‌ನಲ್ಲಿ 15 ನಿಮಿಷ ಇಟ್ಟು ಕತ್ತರಿಸಿ. ಸುತ್ತದೆ ಇಟ್ಟರೆ ಹೊರಗೆ ತೆಗೆದ ಕೂಡಲೇ ಬೆವರುತ್ತದೆ, ಆ ನೀರು ಮುಂದೆ ಓವನ್‌ನಲ್ಲಿ ಗುಳ್ಳೆಯಾಗುತ್ತದೆ.

ನಾನು ಬೇಸಿಗೆಯಲ್ಲಿ ಮೇಜು ಬಿಟ್ಟು ನೆಲಕ್ಕೆ ಇಳಿಯುತ್ತೇನೆ. ಶಹಾಬಾದ್ ಕಲ್ಲಿನ ನೆಲ ಮಧ್ಯಾಹ್ನವೂ ತಣ್ಣಗಿರುತ್ತದೆ. ಅದರ ಮೇಲೆ ಒಂದು ಗಾಜಿನ ಹಲಗೆ ಇಟ್ಟುಕೊಂಡರೆ ಸಾಕು. ಕಲ್ಲಿನ ಮೇಲೆ ನೇರವಾಗಿ ಲಟ್ಟಿಸಬೇಡಿ, ಅದರ ತರಿ ಕ್ಲೇಗೆ ಬಂದುಬಿಡುತ್ತದೆ.

ಉದುರುವುದು ಬೇರೆ ಕಥೆ. ಕೊರಿಯರ್ ಗಾಡಿಯಲ್ಲೋ, ಬಿಸಿಲಲ್ಲಿ ನಿಂತ ಸ್ಕೂಟಿಯ ಡಿಕ್ಕಿಯಲ್ಲೋ ಕ್ಲೇ ಅರ್ಧ ಬೆಂದಿರುತ್ತದೆ. ಚಿಟಿಕೆ ತೆಗೆದು, ಒಂದು ಹನಿ ಲಿಕ್ವಿಡ್ ಕ್ಲೇ, ಅಂದರೆ ದ್ರವರೂಪದ ಪಾಲಿಮರ್ ಕ್ಲೇ, ಹಾಕಿ ಹತ್ತು ನಿಮಿಷ ನಾದಿ. ಮೆತ್ತಗಾದರೆ ಅದು ಬರೀ ಹಳೆಯದು, ಬಳಸಬಹುದು. ರವೆಯಂತೆ ಕಾಳು ಕಾಳಾಗೇ ಉಳಿದರೆ ಬೆಂದಿದೆ. ಅದನ್ನು ತುರಿದು ಕಲ್ಲಿನ ಮಾದರಿಯ ಮಣಿಗೆ ಬೆರೆಸಿ, ನಯವಾದ ಕೆಲಸಕ್ಕೆ ಬೇಡ.

ಬಿದ್ರಿ ಮಾದರಿಯ ಕಪ್ಪು ಬೂದಿ ಬಣ್ಣಕ್ಕೆ ತಿರುಗಿದೆ

ನಮ್ಮ ಭಾಗದಲ್ಲಿ ಕ್ಲೇ ಹಿಡಿದವರು ಒಂದಲ್ಲ ಒಂದು ದಿನ ಇದನ್ನು ಮಾಡಿಯೇ ಮಾಡುತ್ತಾರೆ. ಕಪ್ಪು ಮೈ, ಬೆಳ್ಳಿ ಬಳ್ಳಿ. ಮಾರುವಾಗ "ಬಿದ್ರಿ ಮಾದರಿ" ಅಂತ ಸ್ಪಷ್ಟವಾಗಿ ಹೇಳಿ. ಬಿದ್ರಿಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಕಾನೂನು ರಕ್ಷಣೆ, ಇದೆ. ಅದನ್ನೂ ಬಿಟ್ಟರೆ, ಕುಟ್ಟಿ ಕೆತ್ತಿ ಬೆನ್ನು ಬಗ್ಗಿಸಿಕೊಂಡವರ ಹೆಸರನ್ನು ನಾವು ಪ್ಲಾಸ್ಟಿಕ್‌ಗೆ ಇಡಬಾರದು ಅಲ್ವಾ.

ನಾನು ಮೊದಲು ಮಾಡಿದ್ದು ಹೀಗೆ. ಹಸಿ ಕಪ್ಪು ಕ್ಲೇ ಮೇಲೆ ಬಳ್ಳಿ ಕೊರೆದು, ಬೆಳ್ಳಿ ಬಣ್ಣದ ಮೈಕಾ (ಅಭ್ರಕ) ಪುಡಿಯನ್ನು ಕುಂಚದಿಂದ ತುಂಬಿದೆ. ಗೆರೆ ಚೆನ್ನಾಗೇ ಬಂತು. ಕಪ್ಪು ಮಾತ್ರ ಒಲೆಯ ಬೂದಿ ಮೆತ್ತಿದಂತಾಯಿತು. ಒರೆಸಿದಷ್ಟೂ ಹರಡಿತು.

ಆಮೇಲೆ ಬೀದರ್‌ನಲ್ಲಿ ಬಿದ್ರಿ ಕೆಲಸ ನೋಡಿದೆ. ಸತುವೇ ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ಯುತ್ತಾರೆ. ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಉಳಿಯಿಂದ ಕೆತ್ತಿ, ಬೆಳ್ಳಿ ತಂತಿಯನ್ನು ಗೆರೆಯೊಳಗೆ ಸುತ್ತಿಗೆಯಿಂದ ಕೂರಿಸಿ, ಇಡೀ ಮೈಯನ್ನು ಉಜ್ಜಿ ನುಣ್ಣಗೆ ಮಾಡುತ್ತಾರೆ. ನಿಜವಾದ ಕಪ್ಪು ಬರುವುದು ಎಲ್ಲಕ್ಕಿಂತ ಕೊನೆಗೆ. ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕಪ್ಪು ಕೊನೆಗೆ ಬರುವುದರಿಂದ ಅದನ್ನು ಕೆಡಿಸಲು ಏನೂ ಉಳಿದಿರುವುದಿಲ್ಲ.

ನಮ್ಮದು ತಿರುಗಾಮುರುಗಾ. ಕಪ್ಪು ಮೊದಲೇ ಇರುತ್ತದೆ, ಬೆಳ್ಳಿ ಆಮೇಲೆ ಬರುತ್ತದೆ. ಹಸಿ ಕ್ಲೇ ಅಂಟು ಗುಣದ್ದು, ಅದರ ಮೇಲೆ ಬಿದ್ದ ಮೈಕಾ ಪುಡಿ ಬಿಡುವುದಿಲ್ಲ. ಸುಟ್ಟ ಕ್ಲೇ ಮೇಲೆ ಬಿದ್ದರೆ ಒದ್ದೆ ಬಟ್ಟೆಯಲ್ಲಿ ಹೋಗುತ್ತದೆ. ಹಾಗಾದರೆ ಕಪ್ಪನ್ನು ಮೊದಲು ಸುಟ್ಟುಬಿಡಬೇಕು.

ಈಗ ನಾನು ಮಾಡುವ ಕ್ರಮ ಇದು. ಕಪ್ಪನ್ನು 3 ಮಿ.ಮೀ. ದಪ್ಪ ಲಟ್ಟಿಸಿ, ಆಕಾರ ಕತ್ತರಿಸಿ, ಪೂರ್ತಿ ಸುಡುತ್ತೇನೆ. ತಣ್ಣಗಾದ ಮೇಲೆ ಗೆರೆ ಕೊರೆಯುವ ಸಣ್ಣ ಉಳಿ, ಲಿನೋ ಕಟ್ಟರ್‌ನಿಂದ ಬಳ್ಳಿ ಕೊರೆಯುತ್ತೇನೆ. ಕೊರೆಯುವಾಗ ಕ್ಲೇ ಕೊಬ್ಬರಿ ಸಿಪ್ಪೆಯಂತೆ ಸುರುಳಿಯಾಗಿ ಎದ್ದರೆ ಚೆನ್ನಾಗಿ ಬೆಂದಿದೆ. ಚೂರು ಚೂರಾಗಿ ಒಡೆದು ಅಂಚು ಕಿತ್ತುಬಂದರೆ ಬೆಂದಿಲ್ಲ, ಇನ್ನೊಮ್ಮೆ ಸುಡಬೇಕು. ಗೆರೆಯೊಳಗೆ ಲಿಕ್ವಿಡ್ ಕ್ಲೇ ತೆಳ್ಳಗೆ ಸವರಿ, ಬೆಳ್ಳಿ ಬಣ್ಣದ ಕ್ಲೇಯನ್ನು ಮೆತ್ತಗೆ ನಾದಿ ಒತ್ತಿ ತುಂಬುತ್ತೇನೆ. ಮೇಲೆ ಉಳಿದದ್ದನ್ನು ಬ್ಲೇಡ್ ಅಡ್ಡ ಹಿಡಿದು ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ, ಮತ್ತೆ ಸುಡುತ್ತೇನೆ. ತುಂಬಿದ ಬೆಳ್ಳಿ ಸುಟ್ಟ ಮೇಲೆ ಕಿತ್ತುಬಂದರೆ, ಆ ಲಿಕ್ವಿಡ್ ಕ್ಲೇ ಮರೆತಿರುತ್ತೇವೆ, ಇಲ್ಲಾ ಗೆರೆ ತೀರಾ ಮೇಲು ಮೇಲಿನದು.

ಇಷ್ಟಾದರೂ ಕಪ್ಪು ಬೂದಿಯಾಗೇ ಕಂಡರೆ, ಅದರ ಮೇಲೆ ಒಂದು ಹನಿ ನೀರು ಹಾಕಿ ನೋಡಿ. ಈ ಹನಿ ನೀರಿನ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟ. ನೀರು ಬಿದ್ದ ಜಾಗ ಕಡುಗಪ್ಪಾದರೆ ಬಣ್ಣಕ್ಕೆ ಏನೂ ಆಗಿಲ್ಲ. ಬರೀ ಗೀರು. ಗೀರಿನಲ್ಲಿ ಬೆಳಕು ಚದುರಿ ಬೂದಿಯಾಗಿ ಕಾಣುತ್ತಿದೆ, ನೀರು ತುಂಬಿದಾಗ ಮುಚ್ಚಿಹೋಗುತ್ತದೆ. ನೀರು ಬಿದ್ದರೂ ಬೂದಿಯಾಗೇ ಇದ್ದರೆ ಪುಡಿಯೋ ಬೆಳ್ಳಿ ಕ್ಲೇಯೋ ಕಪ್ಪಿನೊಳಗೇ ಸೇರಿದೆ. ಆಗ 400 ನಂಬರಿನ ವಾಟರ್ ಪೇಪರ್‌ನಲ್ಲಿ ಒಂದು ಪದರ ತೆಗೆಯದೆ ಗತಿಯಿಲ್ಲ.

ಗೀರಿಗೆ ಮದ್ದು ಉಜ್ಜುವುದೇ. ಗಾಡಿಗೆ ಬಣ್ಣ ಹೊಡೆಯುವ ಸಾಮಾನಿನ ಅಂಗಡಿಯಲ್ಲಿ ವಾಟರ್ ಪೇಪರ್ ಸಿಗುತ್ತದೆ. 400, 600, 800, 1000, 1500, 2000; ನಂಬರ್ ಏರಿದಂತೆ ಪೇಪರ್ ನುಣ್ಣಗೆ. ನೀರಿನ ಬಟ್ಟಲಲ್ಲಿ ಅದ್ದಿ ಅದ್ದಿ ಉಜ್ಜಿ. ಒಣಗಿದ್ದನ್ನು ಉಜ್ಜಿದರೆ ಪುಡಿ ಮೂಗಿಗೆ ಹೋಗುತ್ತದೆ. ನಂಬರ್ ಹಾರಿಸಬೇಡಿ. 400 ಆದ ಮೇಲೆ 1000ಕ್ಕೆ ಹೋದರೆ 400ರ ಗೀರು ಒಳಗೇ ಉಳಿದು, ಹೊಳಪು ಕೊಟ್ಟಾಗ ಎದ್ದು ಕಾಣುತ್ತದೆ. ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಬದಲಿಸಿ, ಹಿಂದಿನ ಗೀರು ಹೋಯಿತೋ ಇಲ್ಲವೋ ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡಿ. ಕೊನೆಗೆ ಹಳೆಯ ಜೀನ್ಸ್ ಬಟ್ಟೆಯಲ್ಲಿ ತಿಕ್ಕಿ. ಬಿದ್ರಿಯವರಂತೆ ಎಣ್ಣೆ ಹಚ್ಚಲು ಹೋಗಬೇಡಿ, ದೂಳು ಕೂರುತ್ತದೆ.

ಸಣ್ಣಪುಟ್ಟವು

ಟ್ರಾನ್ಸ್‌ಲೂಸೆಂಟ್‌ನಲ್ಲಿ ಅರ್ಧಚಂದ್ರದಂಥ ಬಿಳಿ ಕಲೆ ಬಂದರೆ ಒಳಗೆ ತೇವ ಅಥವಾ ಗಾಳಿ ಸಿಕ್ಕಿದೆ. ಕೈ ಒಣಗಿಸಿಕೊಂಡು ತೆಳ್ಳಗೆ ಲಟ್ಟಿಸಿ. ಆಲ್ಕೋಹಾಲ್ ಇಂಕ್, ಅಂದರೆ ಆಲ್ಕೋಹಾಲ್‌ನಲ್ಲಿ ಕಲಸಿದ ಬಣ್ಣ, ಹಾಕಿದ ಜಾಗದಲ್ಲಿ ಗುಳ್ಳೆ ಬಂದರೆ ಇಂಕ್ ಆರುವ ಮೊದಲೇ ಸುಟ್ಟಿದ್ದೀರಿ. ಓಲೆಯ ಬೆನ್ನಲ್ಲಿ ಮಾತ್ರ ಹೊಳೆಯುವ ತೇಪೆ ಇದ್ದರೆ ಟೈಲ್‌ಗೆ ನೇರ ಅಂಟಿಕೊಂಡು ಬೆಂದಿದೆ, ಮಧ್ಯೆ ಒಂದು ಕಾಗದ ಹಾಸಿ. ಚಿನ್ನದ ಬಣ್ಣದ ಕ್ಲೇ ತೇಪೆ ತೇಪೆಯಾಗಿ ಕಂಡರೆ ಒಳಗಿನ ಮೈಕಾ ಚೂರುಗಳು ದಿಕ್ಕಾಪಾಲಾಗಿವೆ. ಒಂದೇ ದಿಕ್ಕಿಗೆ ಮಡಚಿ ಮಡಚಿ ಹತ್ತಾರು ಸಲ ಲಟ್ಟಿಸಿ. ಬಂಗಾರದ ಬಣ್ಣದ ಅಗ್ಗದ ಹಾಳೆ ತಾಮ್ರ, ಸತುವಿನದು. ವಾರ್ನಿಶ್ ಹಚ್ಚದಿದ್ದರೆ ಬೆವರಿಗೆ ಕಪ್ಪಾಗುತ್ತದೆ. ಕಾಜು ಕತ್ಲಿಯ ಮೇಲಿನ ಬೆಳ್ಳಿ ವರ್ಕ್ ಹಚ್ಚಿ ನೋಡಿದ್ದೂ ಆಗಿದೆ. ಬೆರಳಿಗೇ ಅಂಟಿತು, ಓಲೆಗೆ ಅಂಟಲಿಲ್ಲ.

ತಿಂಗಳಾದ ಮೇಲೆ ಅಂಟಂಟು

ಶರಣಬಸವೇಶ್ವರ ಜಾತ್ರೆಯಲ್ಲಿ, ಹೋಳಿ ಆಗಿ ಐದನೇ ದಿನದ ತೇರಿಗೆ, ಒಂದು ಸಣ್ಣ ಅಂಗಡಿ ಹಾಕಿದ್ದೆ. ತಿಂಗಳಾದ ಮೇಲೆ ಒಬ್ಬ ಹುಡುಗಿ ಓಲೆ ವಾಪಸ್ ತಂದಳು. "ಅಕ್ಕಾ, ಓಲಿ ಕೂದಲಾ ಹಿಡಿಲತ್ತಾವ್ರಿ." ನೋಡಿದೆ. ನಿಜವಾಗಿಯೂ ಎರಡು ಕೂದಲು ಓಲೆಯ ಮೈಗೆ ಅಂಟಿಕೊಂಡಿದ್ದವು. ಹೆಬ್ಬೆರಳು ಇಟ್ಟರೆ ರೇಖೆ ಮೂಡುತ್ತಿತ್ತು.

ಮನೆಗೆ ಬಂದು ಬಿಲ್ಲೆ ಡಬ್ಬಿ ತೆಗೆದೆ. ವಾರ್ನಿಶ್ ಇಲ್ಲದ ಬಿಲ್ಲೆ ಒಣಗಿ ಗಟ್ಟಿಯಾಗಿತ್ತು. ವಾರ್ನಿಶ್ ಹಚ್ಚಿದ ಬಿಲ್ಲೆಗೆ ಹತ್ತಿ ಎಳೆ ತಾಗಿಸಿದರೆ ಅಂಟಿಕೊಂಡಿತು. ಅವತ್ತು ವಾರ್ನಿಶ್ ಮುಗಿದಿತ್ತು, ಉಗುರಿಗೆ ಹಚ್ಚುವ ಪಾರದರ್ಶಕ ಬಣ್ಣ ಹಚ್ಚಿದ್ದೆ. ಹಚ್ಚಿದ ದಿನ ಗಾಜಿನಂತೆ ಹೊಳೆಯುತ್ತಿತ್ತು. ಉಗುರುಬಣ್ಣವೂ, ಡಬ್ಬಿಯಿಂದ ಸಿಂಪಡಿಸುವ ಎಷ್ಟೋ ಸ್ಪ್ರೇಗಳೂ ಕ್ಲೇಯೊಳಗಿನ ಪ್ಲಾಸ್ಟಿಸೈಜರ್ ಜೊತೆ ಸೇರಿ ನಿಧಾನಕ್ಕೆ ಮೆತ್ತಗಾಗುತ್ತವೆ. ಇದು ಮೊದಲ ದಿನ ಗೊತ್ತಾಗುವುದಿಲ್ಲ, ಅದಕ್ಕೇ ಮೋಸ ಹೋಗುತ್ತೇವೆ.

ಅಸಿಟೋನ್ ತಾಗಿಸಿದ ಹತ್ತಿಯಿಂದ ಬೇಗ ಬೇಗ ಒರೆಸಿ ತೆಗೆಯಬಹುದು. ಹೊತ್ತು ಬಿಟ್ಟರೆ ಅದು ಕ್ಲೇಯನ್ನೂ ತಿನ್ನುತ್ತದೆ. ಸೋಪಿನಲ್ಲಿ ತೊಳೆದು ಒಣಗಿಸಿ, ಮತ್ತೆ ಉಜ್ಜಿ, ನೀರಿನಲ್ಲಿ ಕಲಸಿದ (ವಾಟರ್ ಬೇಸ್ಡ್) ವಾರ್ನಿಶ್ ತೆಳ್ಳಗೆ ಎರಡು ಸಲ ಹಚ್ಚಿ. ಮಳೆಗಾಲದಲ್ಲಿ ಒಂದು ಪದರ ಪೂರ್ತಿ ಆರದೆ ಇನ್ನೊಂದು ಹಚ್ಚಿದರೆ ಮಂಜು ಕವಿದಂತಾಗುತ್ತದೆ, ಅವಸರ ಬೇಡ. ಅಸಲಿಗೆ ಬರೀ ಕ್ಲೇಗೆ ವಾರ್ನಿಶ್ ಬೇಕಾಗಿಯೇ ಇಲ್ಲ. ಮೈಕಾ ಪುಡಿ, ಲೋಹದ ಹಾಳೆ, ಅಕ್ರಿಲಿಕ್ ಬಣ್ಣ ಇದ್ದ ಕಡೆ ಮಾತ್ರ ಬೇಕು.

ಮಧ್ಯದಲ್ಲಿ ಕರೆಂಟ್ ಹೋದರೆ

ಓಲೆ ಕೆಟ್ಟಿತು ಅಂದುಕೊಂಡು ತೆಗೆಯಬೇಡಿ. ಓವನ್ ಬಾಗಿಲು ಮುಚ್ಚಿಯೇ ಇರಲಿ. ಪಾಲಿಮರ್ ಕ್ಲೇಯನ್ನು ಎಷ್ಟು ಸಲ ಬೇಕಾದರೂ ಮತ್ತೆ ಸುಡಬಹುದು. ಆದರೆ "ಆಗಲೇ 20 ನಿಮಿಷ ಆಗಿತ್ತು, ಇನ್ನು ಹತ್ತು ಸಾಕು" ಅನ್ನೋ ಲೆಕ್ಕ ಬೇಡ. ಹಾಗೆ ಮಾಡಿದ ಒಂದು ಜೋಡಿ ಕೊಕ್ಕೆ ಹಾಕುವಾಗಲೇ ಪಟ್ ಅಂತ ಮುರಿಯಿತು. ಕರೆಂಟ್ ಬಂದ ಮೇಲೆ ಥರ್ಮಾಮೀಟರ್ ಮುಳ್ಳು ಮತ್ತೆ ಸರಿಯಾದ ಬಿಸಿಗೆ ಬರುವವರೆಗೆ ಕಾಯಿರಿ. ಅಲ್ಲಿಂದ ಹೊಸದಾಗಿ 30 ನಿಮಿಷ ಎಣಿಸಿ. ತಣ್ಣಗಾದ ಮೇಲೆ ಜೊತೆಗೆ ಸುಟ್ಟ 2 ಮಿ.ಮೀ. ದಪ್ಪದ ಪಟ್ಟಿಯೊಂದನ್ನು ಬಗ್ಗಿಸಿ ನೋಡಿ. ಬಾಗಿ ವಾಪಸ್ ಬಂದರೆ ಕೊಕ್ಕೆ ಹಾಕಿ, ಮುರಿದರೆ ಇಡೀ ತಟ್ಟೆಯನ್ನು ಮತ್ತೆ ಓವನ್‌ಗೆ ತಳ್ಳಿ.